ಮದುವೆ ಲೈಸೆನ್ಸ್ ಶುಲ್ಕದಿಂದ ಕೌಟುಂಬಿಕ ಸೇವೆ: ಅಮೆರಿಕದ ಕೌಂಟಿಗಳಲ್ಲಿ ಇದನ್ನು ಜಾರಿಗೆ ತರುವ ಬಗೆ

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮದುವೆ ಲೈಸೆನ್ಸ್ ಕೊಡುವುದು ಕೌಂಟಿ, ಅಂದರೆ ಜಿಲ್ಲೆಯಂಥ ಆಡಳಿತ ಘಟಕದ, ಕಚೇರಿ. ಆ ಶುಲ್ಕದ ಒಂದು ಪಾಲನ್ನು ಮಧ್ಯಸ್ಥಿಕೆಗೋ, ಆಶ್ರಯಧಾಮಕ್ಕೋ, ಮಕ್ಕಳ ರಕ್ಷಣೆಗೋ ಮೀಸಲಿಡುವ ಪದ್ಧತಿ ಹಲವು ಕಡೆ ಇದೆ. ನಿಮ್ಮ ಕೌಂಟಿಯಲ್ಲೂ ಇದನ್ನು ತರಬೇಕೆಂದಿದ್ದರೆ, ಎಷ್ಟು ಡಾಲರ್ ಎಂಬ ಚರ್ಚೆಯನ್ನು ಆಮೇಲೆ ಇಟ್ಟುಕೊಳ್ಳಿ. ಶುಲ್ಕ ಏರಿಸುವ ಅಧಿಕಾರ ಕೌಂಟಿಗೆ ಇದೆಯೇ ಎಂದು ಮೊದಲು ನೋಡಿ.

ಆ ಅಧಿಕಾರ ರಾಜ್ಯದ ಕಾನೂನಿನಿಂದಲೇ ಬರಬೇಕು. ವಾಷಿಂಗ್ಟನ್ ರಾಜ್ಯದ ಸಂಹಿತೆಯ 26.12.220ನೇ ಕಲಂ ಒಳ್ಳೆಯ ಮಾದರಿ. ಅದರ ಪ್ರಕಾರ ಕೌಂಟಿ ಮಂಡಳಿ ಲೈಸೆನ್ಸ್ ಶುಲ್ಕಕ್ಕೆ 8 ಡಾಲರ್ ಮೀರದಂತೆ ಸೇರಿಸಬಹುದು, ಆ ಹಣವನ್ನು ಕೌಟುಂಬಿಕ ನ್ಯಾಯಾಲಯ ಮತ್ತು ಅದರ ಸೇವೆಗಳಿಗೇ ಬಳಸಬೇಕು. ಅಂಥ ನ್ಯಾಯಾಲಯ ಇಲ್ಲದ ಕಡೆ ಬೇರೆ ಇಲಾಖೆಯ ಮೂಲಕ ಅಥವಾ ಹೊರಗಿನ ಸಂಸ್ಥೆಗೆ ಗುತ್ತಿಗೆ ಕೊಟ್ಟು ಸೇವೆ ಒದಗಿಸಬಹುದು. ಪಕ್ಕದ ಕೌಂಟಿಯ ಜೊತೆ ಸೇರಿ ನಡೆಸುವುದಕ್ಕೂ ಅವಕಾಶವಿದೆ. ಸಣ್ಣ ಕೌಂಟಿಗಳಿಗೆ ಈ ಕೊನೆಯ ದಾರಿಯೇ ಸರಿ. ಒರೆಗಾನ್‌ನಲ್ಲೂ ಸಂಧಾನ, ಮಧ್ಯಸ್ಥಿಕೆಗೆಂದು ಇಂಥ ಸ್ಥಳೀಯ ಹೆಚ್ಚಳಕ್ಕೆ ಕಾನೂನಿನ ಒಪ್ಪಿಗೆಯಿದೆ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಲೈಸೆನ್ಸಿನಿಂದ 23 ಡಾಲರ್ ಕೌಟುಂಬಿಕ ದೌರ್ಜನ್ಯಕ್ಕೆ ಸಿಲುಕಿದವರ ಆಶ್ರಯಧಾಮಗಳಿಗೆಂದೇ ಇರುವ ಕೌಂಟಿಯ ವಿಶೇಷ ನಿಧಿಗೆ ಸೇರುತ್ತದೆ.

ಕಾನೂನಿನ ಒಪ್ಪಿಗೆ ಸಿಕ್ಕರೂ ಕೋರ್ಟಿನಲ್ಲಿ ನಿಲ್ಲುತ್ತದೆ ಎನ್ನಲಾಗದು. ಇಲಿನಾಯ್ ಶಾಸನಸಭೆ ಪ್ರತಿ ಲೈಸೆನ್ಸಿನಿಂದ 10 ಡಾಲರ್ ತೆಗೆದು ಆಶ್ರಯಧಾಮಗಳ ನಿಧಿಗೆ ಹಾಕುವ ಕಾನೂನು ಮಾಡಿತ್ತು. ಬಾಯ್ನ್‌ಟನ್ ವಿರುದ್ಧ ಕಸ್ಪರ್ ಪ್ರಕರಣದಲ್ಲಿ, 1986ರಲ್ಲಿ, ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಇಡೀ ಸಮಾಜದ ಹೊಣೆಯಾದ ಕೆಲಸದ ಖರ್ಚನ್ನು ಮದುವೆಯಾಗುವವರ ಮೇಲಷ್ಟೇ ಹೊರಿಸಿದ್ದೇ ಅಲ್ಲಿ ಎದ್ದ ತೊಡಕು. ಹಾಗಾಗಿ ಠರಾವು ಬರೆಯುವಾಗ ಶುಲ್ಕ ಕಟ್ಟುವವರಿಗೂ ಸೇವೆಗೂ ಇರುವ ನಂಟನ್ನು ಬಿಡಿಸಿ ಬರೆಯಿರಿ. ‘ಸಮುದಾಯದ ಹಿತಕ್ಕಾಗಿ’ ಎಂಬ ಮಾತು ಸಾಲದು. ಮದುವೆಪೂರ್ವ ಆಪ್ತಸಲಹೆ, ದಂಪತಿಗಳ ಮಧ್ಯಸ್ಥಿಕೆ, ಮಕ್ಕಳ ಪಾಲನೆಯ ಒಪ್ಪಂದ ಎಂದು ಹೆಸರು ಹಿಡಿದೇ ಹೇಳಿ. ಕರಡನ್ನು ಅಹವಾಲು ಸಭೆಗೆ ಮುಂಚೆಯೇ ಕೌಂಟಿ ವಕೀಲರಿಗೆ ಕೊಡಿ.

ಈಗ ಲೆಕ್ಕ. ಹಿಂದಿನ ಐದು ವರ್ಷಗಳ ಲೈಸೆನ್ಸ್ ಸಂಖ್ಯೆ ತೆಗೆದುಕೊಂಡು, ಅದರಲ್ಲಿ ಅತಿ ಕಡಿಮೆ ಇರುವ ವರ್ಷವನ್ನೇ ಆಧಾರವಾಗಿಡಿ. 1,500 ಲೈಸೆನ್ಸ್ ಎಂದಿಟ್ಟುಕೊಂಡರೆ 8 ಡಾಲರಿನಂತೆ 12,000 ಡಾಲರ್. ಮಧ್ಯಸ್ಥರಿಗೆ ಗಂಟೆಗೆ 100 ಡಾಲರ್, ಒಂದು ಬೈಠಕ್ಕಿಗೆ 2 ಗಂಟೆ ಎಂದರೆ ವರ್ಷಕ್ಕೆ 60 ಬೈಠಕ್. ಇಷ್ಟೇ. ಇದನ್ನು ನಾಲ್ಕು ಸಂಸ್ಥೆಗಳಿಗೆ ಹಂಚಿದರೆ ಪ್ರತಿಯೊಬ್ಬರಿಗೂ ಸಿಗುವ 3,000 ಡಾಲರ್ ವರದಿ ಬರೆಯುವುದಕ್ಕೇ ಕರಗಿಹೋಗುತ್ತದೆ. ಒಂದೇ ಸೇವೆ ಆರಿಸಿ, ಅದಕ್ಕೇ ಪೂರ್ತಿ ಕೊಡಿ. ಹಣ ಬರುವುದು ಮದುವೆಯ ಹಂಗಾಮಿನಲ್ಲಿ ಹೆಚ್ಚು, ಉಳಿದಂತೆ ಕಡಿಮೆ. ಆದ್ದರಿಂದ ಗುತ್ತಿಗೆಯ ಮೊತ್ತವನ್ನು ಮೂರು ತಿಂಗಳಿಗೊಮ್ಮೆ, ಜಮೆಯಾದ ಮೇಲೆ ಪಾವತಿಸುವಂತೆ ಬರೆದುಕೊಳ್ಳಿ.

ಹೆಚ್ಚು ಎಡವುವುದು ಖಾತೆಯ ವಿಷಯದಲ್ಲಿ. ಠರಾವು ಪಾಸಾಗಿರುತ್ತದೆ, ಆದರೆ ಕೌಂಟರಿನ ಸಾಫ್ಟ್‌ವೇರ್‌ನಲ್ಲಿ ಶುಲ್ಕ ಒಂದೇ ಸಾಲಾಗಿ ನಮೂದಾಗಿ ಎಲ್ಲವೂ ಸಾಮಾನ್ಯ ನಿಧಿಗೆ ಬೀಳುತ್ತದೆ. ವರ್ಷದ ಕೊನೆಗೆ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ. ಜಾರಿಯಾಗುವ ದಿನಕ್ಕೆ ಮೊದಲೇ ಖಜಾಂಚಿಯಿಂದ ಪ್ರತ್ಯೇಕ ನಿಧಿ ಸಂಖ್ಯೆ ಪಡೆಯಿರಿ. ರಸೀದಿಯಲ್ಲಿ ಮೂಲ ಶುಲ್ಕ ಒಂದು ಸಾಲು, ಕೌಟುಂಬಿಕ ಸೇವೆಯ ಪಾಲು ಇನ್ನೊಂದು ಸಾಲು ಬರಲಿ. ಒಂದು ಪರೀಕ್ಷಾ ರಸೀದಿ ತೆಗೆದು, ಆ 8 ಡಾಲರ್ ಯಾವ ನಿಧಿಗೆ ಹೋಯಿತೆಂದು ಕಣ್ಣಾರೆ ನೋಡಿ.

ರಿಯಾಯಿತಿಯನ್ನೂ ಯೋಚಿಸಿ ಕೊಡಬೇಕು. ಟೆಕ್ಸಾಸ್‌ನಲ್ಲಿ 8 ಗಂಟೆಯ ಮದುವೆಪೂರ್ವ ತರಬೇತಿ ಮುಗಿಸಿದವರಿಗೆ 60 ಡಾಲರಿನ ಶುಲ್ಕವೇ ಮಾಫಿ; ಸೇವೆಯ ಪಾಲೂ ಅದರೊಂದಿಗೆ ಹೋಗುತ್ತದೆ. ಮಿನೆಸೋಟಾದಲ್ಲಿ 12 ಗಂಟೆಯ ತರಬೇತಿಗೆ ಶುಲ್ಕ 115ರಿಂದ 40 ಡಾಲರಿಗೆ ಇಳಿದರೂ ಕೌಂಟಿಯ 25 ಡಾಲರ್ ಹಾಗೆಯೇ ಉಳಿಯುತ್ತದೆ. ನಮಗೆ ಎರಡನೆಯದೇ ಮೇಲು. ಬಡ ಜೋಡಿಗಳಿಗೆ ವಿನಾಯಿತಿ ಕೊಡಲು ಕಾನೂನು ಬಿಡುವುದಾದರೆ ತಪ್ಪದೆ ಕೊಡಿ, ಅರ್ಜಿ ಒಂದು ಪುಟ ಮೀರದಿರಲಿ.

ಹೊಸ ಹಣ ಬಂತೆಂದು ಹಳೆಯ ಅನುದಾನ ಕಡಿತ ಮಾಡುವುದನ್ನು ತಡೆಯುವ ಸಾಲೊಂದನ್ನು ಠರಾವಿನಲ್ಲೇ ಸೇರಿಸಿ. ಜಮೆಯಾದ ಮೊತ್ತ, ಖರ್ಚು, ನಡೆದ ಬೈಠಕ್‌ಗಳ ಸಂಖ್ಯೆಯನ್ನು ಬಜೆಟ್ ಸಭೆಗೆ ಮುಂಚೆ ಪ್ರತಿ ವರ್ಷ ಮಂಡಳಿಯ ಮುಂದಿಡುವ ಷರತ್ತೂ ಅಲ್ಲೇ ಇರಲಿ.