ಬಿಟ್ಟು ಹೋದವಳ ಕಡೆಯಿಂದ ಓದಿದೆ: ನನ್ನ ಅನುಭವ

"ಗಾಯದ ಮೇಲೆ ನೀನೇ ಉಪ್ಪು ಸವರಿಕೊಳ್ತಾ ಇದ್ದೀಯ" ಎಂದಿದ್ದಳು ಅಕ್ಕ. ಪ್ರೀತಿ ಮುರಿದು ಆರೇಳು ತಿಂಗಳಾಗಿತ್ತು. ನಾನು ಪ್ರೇಮ ಕಾದಂಬರಿಗಳ ರಾಶಿ ಹಾಕಿಕೊಂಡು ಕೂತಿದ್ದೆ. ಗೆಳೆಯರು ನಕ್ಕರು. ಈಗ ಅವರಲ್ಲೇ ಇಬ್ಬರು ಪುಸ್ತಕ ಕೇಳಿಕೊಂಡು ಬರುತ್ತಾರೆ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಸುಖಾಂತ್ಯದ ಕಾದಂಬರಿಗಳನ್ನೇ ಹುಡುಕಿ ಒಂದೇ ಸಲ 14-15 ತರಿಸಿದೆ. ಸಂಬಳದ ಕಾಲು ಭಾಗ ಹೋಯಿತು, ಓದಿದ್ದು ಮೂರೇ. ಕಥೆಯಲ್ಲಿ ಇಬ್ಬರೂ ಒಂದಾದ ಕೂಡಲೇ ನನ್ನ ಕೈ ಫೋನಿನ ಕಡೆ ಹೋಗುತ್ತಿತ್ತು. ಒಂದು ರಾತ್ರಿ ನಾಯಕ ಬರೆದ ಕಾಗದದಿಂದ ನಾಲ್ಕು ಸಾಲು ಕದ್ದು, ಬಿಟ್ಟು ಹೋದವಳಿಗೆ ಕಳಿಸಿಯೂ ಬಿಟ್ಟೆ. ಓದಿದಳು, ಉತ್ತರ ಬರೆಯಲಿಲ್ಲ. ಆ ನಾಚಿಕೆ ಇಳಿಯಲು ಇನ್ನೊಂದು ತಿಂಗಳು ಬೇಕಾಯಿತು.

ಆಮೇಲೆ ದುಃಖಾಂತ್ಯಕ್ಕೆ ಹಾರಿದೆ. ಅದು ಇನ್ನೂ ಕೆಟ್ಟದ್ದು. 1774ರಲ್ಲಿ ಜರ್ಮನ್ ಲೇಖಕ ಗಯಟೆಯ ದುರಂತ ಪ್ರೇಮದ ಕಾದಂಬರಿ ವರ್ಥರ್ ಬಂದಾಗ ಹುಡುಗರು ಅದರ ನಾಯಕನ ಹಾಗೇ ನೀಲಿ ಕೋಟು, ಹಳದಿ ವೇಸ್ಟ್‌ಕೋಟು ತೊಟ್ಟು ತಿರುಗಿದ್ದರಂತೆ. ನಾನು ಗಡ್ಡ ಬಿಟ್ಟೆ, ಅಷ್ಟೇ ವ್ಯತ್ಯಾಸ. ನನ್ನ ಅಳುವಿಗೆ ನಾನೇ ಮರುಳಾಗಿದ್ದೆ. ಬದುಕೇ ಬೇಡ ಅನಿಸುತ್ತಿರುವವರು ಇಂಥದ್ದನ್ನು ಮುಟ್ಟಬೇಡಿ. ಪುಸ್ತಕ ಬದಿಗಿಟ್ಟು ಯಾರ ಹತ್ತಿರವಾದರೂ ಮಾತಾಡಿ.

ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಮೊದಲೇ ಓದಿ ಸಿಟ್ಟಿನಿಂದ ಮೂಲೆಗೆ ಎಸೆದಿದ್ದ ಒಂದು ಕಾದಂಬರಿಯನ್ನು ಮತ್ತೆ ತೆಗೆದೆ. ಬಿಟ್ಟು ಹೋಗುವ ಹುಡುಗಿ ಬರುವ ಪುಟಗಳನ್ನು ಮಾತ್ರ ಓದಿದೆ. ಮೊದಲ ಸಲ ಅವಳು ಕಲ್ಲು ಮನಸ್ಸಿನವಳಾಗಿ ಕಂಡಿದ್ದಳು. ಈ ಸಲ ನೋಡಿದರೆ, ಹೊರಡುವ ಮುಂಚೆ ಐದಾರು ಸಲ ಏನೋ ಹೇಳಲು ಬಂದಿದ್ದಾಳೆ. ನಾಯಕ ಕಿವಿಗೇ ಹಾಕಿಕೊಂಡಿಲ್ಲ. ಪುಸ್ತಕ ಮುಚ್ಚಿ ಸುಮ್ನೆ ಕೂತೆ. ನನ್ನನ್ನು ಬಿಟ್ಟು ಹೋದವಳೂ ಒಂದು ಸಂಜೆ "ನಿನ್ನ ಹತ್ತಿರ ಒಂದು ಮಾತು ಹೇಳಬೇಕು" ಎಂದಿದ್ದಳು. ನಾನು ಆಫೀಸಿನ ಜಗಳ ಹೇಳುತ್ತಾ ಕೂತಿದ್ದೆ.

ಅಲ್ಲಿಂದ ಇದೇ ಪದ್ಧತಿ. ದಿನಕ್ಕೆ 20-25 ಪುಟ, ಅದೂ ಬೆಳಿಗ್ಗೆ. ರಾತ್ರಿ ಓದಿದರೆ ಮನಸ್ಸು ಜಾರುತ್ತದೆ. ನಾಯಕ ಕೇಳಿಸಿಕೊಳ್ಳದೆ ಹೋದ ಕಡೆಯಲ್ಲೆಲ್ಲ ಪೆನ್ಸಿಲ್ ಗೆರೆ. ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆಯುತ್ತೇನೆ. ಅದು ಯಾವುದು ಅಂತ ಇಲ್ಲಿ ಹೇಳಲ್ಲ, ನಿಮ್ಮದು ನೀವೇ ಹುಡುಕಿಕೊಳ್ಳಿ. ದುಡ್ಡಿನ ವಿಷಯ: ಓದದೆ ಬಿದ್ದಿದ್ದ ಪುಸ್ತಕ ಮಾರಿದೆ, ಹಾಕಿದ್ದರಲ್ಲಿ ಮೂರನೇ ಒಂದು ಪಾಲೂ ಬರಲಿಲ್ಲ. ಈಗ ಗ್ರಂಥಾಲಯವೇ ಗತಿ. ಆ ಪುಸ್ತಕಗಳಿಗೆ ಗೆರೆ ಬೇಡ, ಚೀಟಿ ಸಾಕು.

ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ನಳ ಪರ್ಸುಯೇಷನ್ ಕಾದಂಬರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬೇರೆಯವರ ಮಾತು ಕೇಳಿ ಸಂಬಂಧ ಮುರಿದವಳ ಕಡೆಯಿಂದಲೇ ಕಥೆ ನಡೆಯುತ್ತದೆ. ಎಂಟು ವರ್ಷದ ಮೇಲೆ ಅವರು ಒಂದಾಗುತ್ತಾರೆ. ಮೊದಲಿನ ನಾನಾಗಿದ್ದರೆ ಎಂಟು ವರ್ಷ ಕಾಯುವ ಲೆಕ್ಕ ಹಾಕುತ್ತಿದ್ದೆ! ಮುಗಿಸುವವರೆಗೂ ಫೋನ್ ಮುಟ್ಟಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇನೆ.

ಮಧ್ಯೆ ಒಂದು ಚೇಷ್ಟೆಯನ್ನೂ ಮಾಡಿದೆ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ 1861ರಲ್ಲಿ ಗೆಳೆಯನೊಬ್ಬನ ಮಾತಿಗೆ ತನ್ನ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಕಾದಂಬರಿಯ ಕೊನೆಯನ್ನು ಬದಲಿಸಿದ. ನಾನೂ ನಮ್ಮ ಕಥೆಗೆ ಎರಡು ಕೊನೆ ಬರೆದೆ. ಬೇರೆಯಾಗುವುದು ಸಲೀಸಾಗಿ ಆರು ಪುಟ ಓಡಿತು. ಒಂದಾಗುವುದು ಎರಡನೇ ಪುಟದಲ್ಲೇ ನಿಂತಿತು. ಅಲ್ಲಿ ಅವಳು ಏನು ಹೇಳುತ್ತಾಳೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಜೊತೆಗಿದ್ದೂ!

ಒಟ್ಟು ಒಂಬತ್ತು ತಿಂಗಳು, ಹನ್ನೊಂದೋ ಹನ್ನೆರಡೋ ಪುಸ್ತಕ. ಮೊನ್ನೆ, ಎಲ್ಲರಿಗಿಂತ ಜಾಸ್ತಿ ನಕ್ಕಿದ್ದ ಗೆಳೆಯ ಒಂದು ಪುಸ್ತಕ ವಾಪಸ್ ಕೊಟ್ಟ. ನನ್ನ ಗೆರೆಗಳ ಜೊತೆ ಅವನ ಗೆರೆಗಳೂ ಇವೆ. ಎರಡು ಸಲ ಓದಿಯೂ ನನ್ನ ಕಣ್ಣಿಗೆ ಬೀಳದ ಒಂದು ಜಾಗವನ್ನು ಹಿಡಿದಿದ್ದಾನೆ, ಕಳ್ಳ.