ಡಾರ್ಕ್‌ರೂಮಿನಲ್ಲಿ ಮೊದಲ ಪ್ರಿಂಟ್: ಟ್ರೇ ಮುಂದೆ ಆತುರ ಬೇಡ

ಕಪ್ಪು-ಬಿಳುಪು ನೆಗೆಟಿವ್ ಸ್ಕ್ಯಾನ್ ಮಾಡಿ ಫೋನಿಗೆ ಹಾಕಿಕೊಂಡರೂ ಫೋಟೊ ಸಿಗುತ್ತದೆ, ನಿಜ. ಆದರೆ ಫಿಲಂ ಗೀಳು ಹತ್ತಿದವರು ಒಮ್ಮೆಯಾದರೂ ಕೈಯಾರೆ ಪ್ರಿಂಟ್ ಮಾಡಲೇಬೇಕು.

ಕಿಟಕಿ ಇಲ್ಲದ ಬಾತ್‌ರೂಮ್ ಸಾಕು, ಗಾಳಿ ಆಡುವಂತಿರಲಿ. ದೀಪ ಆರಿಸಿ ಐದು ನಿಮಿಷ ಸುಮ್ನೆ ಕೂರಿ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಎಲ್ಲೆಲ್ಲಿ ಬೆಳಕು ನುಸುಳುತ್ತಿದೆ ಅಂತ ತಾನಾಗಿ ಗೊತ್ತಾಗುತ್ತದೆ, ಅಲ್ಲಿಗೆಲ್ಲ ಕಪ್ಪು ಟೇಪ್ ಹಚ್ಚಿ. ಕೆಂಪು ಸೇಫ್‌ಲೈಟ್ (ಪೇಪರಿಗೆ ತಾಗದ ಮಂದ ದೀಪ) ಪ್ರಿಂಟ್ ಪೇಪರಿಗೆ ಮಾತ್ರ. ಫಿಲಂ ಅನ್ನು ಡೆವಲಪ್ ಮಾಡುವ ಟ್ಯಾಂಕಿಗೆ ತುಂಬುವಾಗ ಅದೂ ಬೇಡ, ಸಾಮಾನ್ಯ ಫಿಲಂಗೆ ಕೆಂಪು ಬೆಳಕೂ ತಾಗುತ್ತದೆ.

ಚಿತ್ರ ಮೂಡಿಸುವ ಡೆವಲಪರ್, ಆ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್: ಟ್ರೇಗಳು ಇದೇ ಸಾಲಿನಲ್ಲಿ, ಸುಮಾರು 20 ಡಿಗ್ರಿಯಲ್ಲಿ. ಒಂದೊಂದಕ್ಕೂ ಬೇರೆ ಇಕ್ಕಳ ಇಡಿ, ಫಿಕ್ಸರ್ ಡೆವಲಪರ್‌ಗೆ ಬಿದ್ದರೆ ಅದು ಕೆಟ್ಟಿತು ಅಂತಲೇ ಲೆಕ್ಕ.

ನೆಗೆಟಿವ್‌ನ ಮಂಕಾದ ಮುಖ ಕೆಳಗೆ ಬರುವಂತೆ ಎನ್‌ಲಾರ್ಜರ್‌ಗೆ (ನೆಗೆಟಿವ್ ಅನ್ನು ದೊಡ್ಡದಾಗಿ ಪೇಪರಿನ ಮೇಲೆ ಬೀಳಿಸುವ ಯಂತ್ರ) ಹಾಕಿ. ಲೆನ್ಸ್ ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಲೆನ್ಸಿನ ಕಿಂಡಿಯನ್ನು ಎರಡು ಸ್ಟಾಪ್ (ಎರಡು ಹಂತ) ಕಿರಿದು ಮಾಡಿ. ಮಲ್ಟಿಗ್ರೇಡ್ ಪೇಪರ್ (ಫಿಲ್ಟರ್ ಬದಲಿಸಿ ಕಪ್ಪು-ಬಿಳುಪಿನ ಅಂತರ ಹೆಚ್ಚು ಕಡಿಮೆ ಮಾಡಬಹುದಾದ ಪೇಪರ್) ಆದರೆ 2ನೇ ನಂಬರ್ ಫಿಲ್ಟರ್‌ನಿಂದ ಶುರು ಮಾಡಿ.

ಈಗ ಟೆಸ್ಟ್ ಸ್ಟ್ರಿಪ್. ಪೇಪರ್ ದುಬಾರಿ ಅಂತ ಇದನ್ನು ಬಿಡುವವರೇ ಜಾಸ್ತಿ, ಕೊನೆಗೆ ಜಾಸ್ತಿ ಪೇಪರ್ ಹಾಳು ಮಾಡುವವರೂ ಅವರೇ. ಪೇಪರಿನ ಒಂದು ಪಟ್ಟಿ ಕತ್ತರಿಸಿ, ಇಡೀ ಪಟ್ಟಿಗೆ 5 ಸೆಕೆಂಡ್ ಬೆಳಕು ಕೊಡಿ. ಆಮೇಲೆ ರಟ್ಟಿನಿಂದ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ, ಪ್ರತಿ ಸಲ ಇನ್ನೂ 5 ಸೆಕೆಂಡ್ ಕೊಡುತ್ತಾ ಹೋದರೆ ಒಂದೇ ಪಟ್ಟಿಯಲ್ಲಿ 5, 10, 15, 20, 25 ಸೆಕೆಂಡಿನ ಛಾಯೆಗಳು ಸಿಗುತ್ತವೆ.

ಡೆವಲಪರ್‌ನಲ್ಲಿ ಚಿತ್ರ ಮೂಡುವುದನ್ನು ನೋಡುವ ಖುಷಿಯೇ ಬೇರೆ, ಅಲ್ವಾ? ಎಡವುವುದೂ ಅಲ್ಲೇ. ಕಪ್ಪಾಗುತ್ತಿದೆ ಅಂತ ಗಾಬರಿಯಾಗಿ ಬೇಗ ಎತ್ತಿದರೆ ಕಪ್ಪು ಗಟ್ಟಿಯಾಗಿ ಬರುವುದಿಲ್ಲ, ಫೋಟೊ ಬೂದು ಬಳಿದಂತಿರುತ್ತದೆ. ಸೇಫ್‌ಲೈಟಿನಲ್ಲಿ ಎಲ್ಲವೂ ಇದ್ದದ್ದಕ್ಕಿಂತ ಕಪ್ಪಾಗಿಯೇ ಕಾಣುತ್ತದೆ. ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರಿಗೆ ಸಾಮಾನ್ಯವಾಗಿ ಒಂದು ನಿಮಿಷ, ಅಷ್ಟೂ ಹೊತ್ತು ಟ್ರೇಯನ್ನು ಮೆಲ್ಲಗೆ ಅಲ್ಲಾಡಿಸಿ. ಸ್ಟಾಪ್‌ನಲ್ಲಿ 10 ಸೆಕೆಂಡ್, ಫಿಕ್ಸರ್‌ನಲ್ಲಿ ಬಾಟಲಿ ಮೇಲೆ ಬರೆದಷ್ಟು ಹೊತ್ತು. ಆಮೇಲೆ ಬಿಳಿ ದೀಪ ಹಾಕಿ ನೋಡಿ.

ಪಟ್ಟಿಯಲ್ಲಿ ಬಿಳಿ ಭಾಗ ಸರಿ ಬಂದ ಛಾಯೆಯ ಸಮಯ ಆರಿಸಿಕೊಳ್ಳಿ. ಕಪ್ಪು ಸಪ್ಪೆ ಅನ್ನಿಸಿದರೆ ಸಮಯ ಏರಿಸಬೇಡಿ, ಫಿಲ್ಟರ್ ನಂಬರ್ ಏರಿಸಿ, ಮತ್ತೊಂದು ಟೆಸ್ಟ್ ಮಾಡಿ. ಮುಖವೋ ಆಕಾಶವೋ ತೀರಾ ಕಪ್ಪಾಗಿಯೋ ತೀರಾ ಬಿಳಿಯಾಗಿಯೋ ಬಂದು ಹಟ ಹಿಡಿದರೆ, ಬೆಳಕು ಬೀಳುವಾಗ ಅಲ್ಲಿಗೆ ಕೈ ಅಡ್ಡ ಹಿಡಿದೋ ಆ ಜಾಗಕ್ಕೆ ಮಾತ್ರ ಇನ್ನಷ್ಟು ಬೆಳಕು ಕೊಟ್ಟೋ ಸರಿಪಡಿಸಬಹುದು. ಕೈ ಸದಾ ಆಡುತ್ತಿರಲಿ, ಇಲ್ಲದಿದ್ದರೆ ಅಂಚು ಎದ್ದು ಕಾಣುತ್ತದೆ.

ಆರ್‌ಸಿ ಪೇಪರನ್ನು ಹರಿಯುವ ನೀರಿನಲ್ಲಿ ಎರಡು ನಿಮಿಷ ತೊಳೆದು ಒಣಹಾಕಿ. ಹಳೇ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಸಿಂಕಿಗೆ ಸುರಿಯದೆ ಬೇರೆ ಕ್ಯಾನಿನಲ್ಲಿ ಕೂಡಿಡಿ.