ಬೆಂಕಿ ರೇಖೆಗೆ ಹಣ ಹೊಂದಿಸಿದ ಬಗೆ

ಚಾಮರಾಜನಗರ ಜಿಲ್ಲೆಯ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ವರ್ಷಗಳಲ್ಲಿ ನಮ್ಮ ವಲಯದ ವಾರ್ಷಿಕ ಕಾರ್ಯಯೋಜನೆ, ಅಂದರೆ ಎಲ್ಲರ ಬಾಯಲ್ಲಿರುವ ಎಪಿಒ, ನನ್ನ ಮೇಜಿನಿಂದಲೇ ಹೊರಡುತ್ತಿತ್ತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ನೆರವು ಕಾಡಿನವರೆಗೆ ತಲುಪುವುದು ಈ ಕಡತದ ಮೂಲಕವೇ. ಹೆಸರು ಹುಲಿಯದಾದರೂ ಅದೇ ಹಣದಿಂದ ಸೀಳುನಾಯಿಗೂ ರಣಹದ್ದಿಗೂ ನೆಲೆ ಉಳಿದಿದೆ ಎಂಬುದನ್ನು ಬೆಂಗಳೂರಿನ ಸಭೆಗಳಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು.

ಶಿಬಿರದ ಕಟ್ಟಡ, ವಾಹನ, ವೈರ್‌ಲೆಸ್ ಮುಂತಾದ ಅನಾವರ್ತಕ, ಅಂದರೆ ವರ್ಷವರ್ಷ ಮರಳದ, ವೆಚ್ಚವನ್ನು 2015-16ಕ್ಕೆ ಮುನ್ನ ಕೇಂದ್ರ ಸರ್ಕಾರ ಪೂರ್ತಿಯಾಗಿ ಭರಿಸುತ್ತಿತ್ತು. ಅನಂತರ ಅದರ ಪಾಲು ಶೇ 60ಕ್ಕೆ ಇಳಿಯಿತು. ಕೂಲಿ, ಪಡಿತರ, ಬೆಂಕಿ ರೇಖೆ (ಕಾಳ್ಗಿಚ್ಚು ದಾಟದಂತೆ ಗಿಡಹುಲ್ಲು ತೆಗೆದು ಬರಿದಾಗಿಸಿದ ಪಟ್ಟಿ) ಇಂತಹ, ಪ್ರತಿವರ್ಷ ಬರುವ ಆವರ್ತಕ ವೆಚ್ಚದಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ತೊಡಕು ಹುಟ್ಟುತ್ತಿದ್ದುದು ಪಾಲಿನಿಂದಲ್ಲ, ವೇಳೆಯಿಂದ. ಮಂಜೂರಾತಿಯೂ ಮೊದಲ ಕಂತೂ ಮಳೆಗಾಲ ಮುಗಿದ ಮೇಲೆ ಬಂದ ವರ್ಷಗಳುಂಟು. ಆದರೆ ಹುಲ್ಲು ಒಣಗಿ ಬೆಂಕಿ ಬೀಳುವ ಮೊದಲೇ, ಜನವರಿಯೊಳಗೆ, ರೇಖೆಗಳು ಸಿದ್ಧವಾಗಿರಲೇಬೇಕು.

ಹಾಗಾಗಿ ಅಂದಾಜನ್ನೇ ಬೇರೆ ರೀತಿ ಬರೆಯತೊಡಗಿದೆ. ಒಂದು ರೇಖೆಗೆ ಇಷ್ಟು ಕಿಲೋಮೀಟರ್, ಇಷ್ಟು ದರ ಎಂದು ಒಟ್ಟಾಗಿ ತೋರಿಸಿದರೆ ಮೇಲಿನ ಹಂತದಲ್ಲಿ ಕಣ್ಣುಮುಚ್ಚಿ ಕಡಿತ ಮಾಡುವುದು ಸುಲಭ. ಬರೀ ಹುಲ್ಲಿರುವ ತುಂಡು, ಬಿದಿರಿರುವ ತುಂಡು, ಲಂಟಾನ ಹೆಣೆದುಕೊಂಡಿರುವ ತುಂಡು ಎಂದು ಪ್ರತಿ ರೇಖೆಯನ್ನೂ ಒಡೆದು, ಆಳುಗಳ ಲೆಕ್ಕವನ್ನು ತುಂಡಿಗೊಂದರಂತೆ ಬರೆದೆವು. ಈ ಲೆಕ್ಕ ಹೇಳಿಕೊಟ್ಟವರು ನಮ್ಮ ಸೋಲಿಗ ವಾಚರ್‌ಗಳು. ರೇಖೆಯ ಎರಡೂ ಅಂಚುಗಳನ್ನು ಮೊದಲು ಸವರಿ, ಸವರಿದ್ದನ್ನು ನಡುವಿಗೆ ಎಳೆದು ಒಣಗಲು ಬಿಟ್ಟು, ಗಾಳಿ ತಗ್ಗಿದ ಹೊತ್ತಿನಲ್ಲಿ ಸುಡುತ್ತಾರೆ. ಹಸಿ ಸೊಪ್ಪಿನ ಕೊಂಬೆ ಹಿಡಿದವರು ಎರಡೂ ಬದಿಯಲ್ಲಿ ಜೊತೆಜೊತೆಗೆ ನಡೆಯಬೇಕು. ಲಂಟಾನವಾದರೆ ಕಡಿಯುವುದಕ್ಕೇ ದಿನ ಹೋಗುತ್ತದೆ. ಅದನ್ನೆಲ್ಲ ಅನುಬಂಧದಲ್ಲಿ ಬಿಡಿಸಿ ಬರೆದ ಮೇಲೆ ಕಡಿತ ಮಾಡುವವರು ಯಾವ ತುಂಡನ್ನು ಬಿಡಬೇಕೆಂದು ತಾವೇ ಗುರುತಿಸಬೇಕಾಯಿತು, ಹಾಗೆ ಗುರುತಿಸಲು ಯಾರೂ ಮುಂದಾಗಲಿಲ್ಲ.

ಎರಡನೆಯ ಆಸರೆ ಹುಲಿ ಸಂರಕ್ಷಣಾ ಪ್ರತಿಷ್ಠಾನ. 2006ರ ತಿದ್ದುಪಡಿಯಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ 38ಎಕ್ಸ್ ಕಲಮಿನಡಿ ರಚನೆಯಾದ ಈ ಸಂಸ್ಥೆಗೆ ಪ್ರವಾಸಿಗರ ಶುಲ್ಕದ ಹಣ ಬರುತ್ತದೆ. ಕಂತು ತಡವಾದ ವರ್ಷ ಕೆಲವು ರೇಖೆಗಳನ್ನು ಅನುಮತಿ ಪಡೆದು ಪೂರ್ತಿಯಾಗಿ ಪ್ರತಿಷ್ಠಾನದ ಲೆಕ್ಕಕ್ಕೆ ಸರಿಸಿದೆವು. ಒಂದೇ ರೇಖೆಗೆ ಎರಡು ಕಡೆಯಿಂದ ಹಣ ಎಳೆದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ತಪ್ಪದು. ಆದ್ದರಿಂದ ಗಸ್ತು (ಅರಣ್ಯ ರಕ್ಷಕರೊಬ್ಬರ ಉಸ್ತುವಾರಿಯ ಪ್ರದೇಶ), ರೇಖೆಯ ಸಂಖ್ಯೆ, ಲೆಕ್ಕಶೀರ್ಷಿಕೆ ಮೂರನ್ನೂ ಒಂದೇ ಸಾಲಿನಲ್ಲಿ ಕಾಣಿಸುವ ವಹಿಯೊಂದನ್ನು ಇಟ್ಟಿದ್ದೆ. ಹಣಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬರುವುದಿಲ್ಲವಾದ ಕಾರಣ, ಕೂಲಿ ಪಾವತಿಯ ಚೀಟಿಗಳನ್ನು ಮಾರ್ಚ್‌ವರೆಗೆ ಕೂಡಿಡದೆ ಆಯಾ ತಿಂಗಳೇ ಆ ವಹಿಗೆ ಏರಿಸಿ, ರೇಖೆಯ ಛಾಯಾಚಿತ್ರದೊಂದಿಗೆ ವಿಭಾಗ ಕಚೇರಿಗೆ ಕಳುಹಿಸುತ್ತಿದ್ದೆವು.